ನೆರಳಿಲ್ಲದ ದಿನಕ್ಕೆ ಶಾಮಿಯಾನ

ಚಿಕ್ಕಬಳ್ಳಾಪುರದಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಏಪ್ರಿಲ್ ಕೊನೆಗೆ ಬಂದಾಗ ಮಕ್ಕಳಿಗೆ ರಜ. ಶಾಲೆಗೆ ಸಿಗುವುದು ಆಗಸ್ಟಿನದು, ಸ್ವಾತಂತ್ರ್ಯ ದಿನಾಚರಣೆಯ ಲಾಡು ಅರಗುವ ಹೊತ್ತಿಗೆ. ಅವತ್ತು ಮಧ್ಯಾಹ್ನ 12 ಗಂಟೆ 23 ನಿಮಿಷದ ಆಸುಪಾಸಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ.

ನಮ್ಮ ಕಡೆಯ ಒಂದು ಶಾಲೆ ಇದನ್ನು 'ಮಾಡಿ ಕಲಿ' ಬಾಹ್ಯಾಕಾಶ ಹಬ್ಬ ಅಂತ ಆಚರಿಸಿತು. ನಾನೂ ಹೋದೆ. ಮೈದಾನದ ಈ ತುದಿಯಿಂದ ಆ ತುದಿಗೆ ಶಾಮಿಯಾನ!

"ಏನ್ ಸಾರ್, ನೆರಳಿಲ್ಲದ್ದನ್ನ ನೋಡೋಕೆ ನೆರಳು ಹಾಕ್ಸಿದೀರಾ?" ಅಂದೆ.

"ಮತ್ತೆ, ಗೆಸ್ಟ್‌ಗಳನ್ನ ಬಿಸಿಲಲ್ಲಿ ಕೂರ್ಸೋಕಾಗುತ್ತಾ?" ಅಂದರು ಹೆಡ್‌ಮಾಸ್ಟ್ರು. ನನಗೆ ಉತ್ತರ ಹೊಳೆಯಲಿಲ್ಲ.

ವೇದಿಕೆ ಪಕ್ಕದ ಮೇಜಿನ ಮೇಲೆ 'ಮಕ್ಕಳೇ ತಯಾರಿಸಿದ' ಥರ್ಮಾಕೋಲ್ ವಿಕ್ರಮ್ ಲ್ಯಾಂಡರ್. ತಳದಲ್ಲಿ ಸ್ಟೇಷನರಿ ಅಂಗಡಿಯ ರೇಟು ಚೀಟಿ ಹಾಗೇ ಇತ್ತು. ನಿಜವಾದದ್ದು 2023ರ ಆಗಸ್ಟ್ 23ರಂದು ನಾಲ್ಕು ಕಾಲ ಮೇಲೆ ಚಂದ್ರನಲ್ಲಿ ನಿಂತಿತು. ಇದಕ್ಕೆ ಒಂದು ಕಾಲು ಮುರಿದು ಊದುಬತ್ತಿ ಕಟ್ಟಿದ್ದರು. ಮುಂದೆ ಬೋರ್ಡು: 'ಮುಟ್ಟಬಾರದು'.

ಮುಖ್ಯ ಅತಿಥಿಗಳು ಇನ್ನೂ ದಾರಿಯಲ್ಲಿದ್ದರು. 12:15ಕ್ಕೆ ಮೈಕಿನಲ್ಲಿ ಪ್ರಕಟಣೆ: "ಗಣ್ಯರು ಬಂದ ಕೂಡಲೇ ನೆರಳು ಮಾಯವಾಗುವ ಕ್ಷಣವನ್ನು ಉದ್ಘಾಟಿಸಲಿದ್ದಾರೆ, ಎಲ್ಲರೂ ಸಹಕರಿಸಬೇಕು." ಮಕ್ಕಳು ಸಹಕರಿಸಿದರು. ಸೂರ್ಯನೊಬ್ಬ ಸಹಕರಿಸಲಿಲ್ಲ.

ಇದೇನು ಬರೀ ಕಣ್ಣಿಗೆ ಮೋಜಲ್ಲ. ಬೀದರ್ ನಮ್ಮಿಂದ ಹೆಚ್ಚುಕಮ್ಮಿ ನೇರ ಉತ್ತರಕ್ಕೆ, ಸುಮಾರು 500 ಕಿಲೋಮೀಟರ್. ಇಲ್ಲಿ ನೆರಳು ಸೊನ್ನೆಯಾದಾಗ ಅಲ್ಲಿನ ಒಂದು ಮೀಟರ್ ಕೋಲಿಗೆ ಸುಮಾರು 8 ಸೆಂಟಿಮೀಟರ್ ನೆರಳು, ಅಂದರೆ ಅಲ್ಲಿ ಸೂರ್ಯ ನೆತ್ತಿಯಿಂದ ನಾಲ್ಕೂವರೆ ಡಿಗ್ರಿ ವಾರೆ. ಭೂಮಿ ದುಂಡಗಿರುವುದರಿಂದ ಎರಡೂ ಊರುಗಳ ನಡುವೆ ನೆಲ ಬಾಗಿರುವುದೂ ಅಷ್ಟೇ ಡಿಗ್ರಿ. ಪೂರ್ತಿ ಸುತ್ತಿನ 360 ಡಿಗ್ರಿಯಲ್ಲಿ ನಾಲ್ಕೂವರೆ 80 ಸಲ ಹೋಗುತ್ತದೆ. 80 ಇಂಟು 500, ಇಡೀ ಭೂಮಿಯ ಸುತ್ತಳತೆ 40,000 ಕಿಲೋಮೀಟರ್ ಕೈಗೆ ಬಂತು! ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಭೂಮಿಯನ್ನು ಅಳೆಯಲು ಹಿಡಿದ ದಾರಿಯೂ ಇದೇ. ನಮಗೆ ಬೇಕಿದ್ದದ್ದು ಎರಡು ಕೋಲು, ಬೀದರಿನ ಯಾವುದಾದರೂ ಶಾಲೆಗೆ ಒಂದು ಫೋನು. ಆದರೆ ಇದರಲ್ಲಿ ಪೇಟ ತೊಡಿಸುವುದಕ್ಕೆ ಜಾಗವೆಲ್ಲಿದೆ, ಹೇಳಿ.

12:20ಕ್ಕೆ ಬಾಯಾರಿ ಎದ್ದು ನಲ್ಲಿ ಕಡೆ ಹೋದೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಸಿಮೆಂಟು ಕಟ್ಟೆ ಮೇಲೆ ತನ್ನ ನೀರಿನ ಬಾಟಲ್ ನಿಲ್ಲಿಸಿ, ಸುತ್ತ ಸೀಮೆಸುಣ್ಣದ ಗೀಟು ಎಳೆಯುತ್ತಿದ್ದಳು. ಒಂದೊಂದು ಗೀಟೂ ಹಿಂದಿನದಕ್ಕಿಂತ ಗಿಡ್ಡ. ನೋಡನೋಡುತ್ತ ನೆರಳು ಬಾಟಲಿಯ ಬುಡದೊಳಕ್ಕೆ ನುಗ್ಗಿತು. "ಹೋಯ್ತು ಅಂಕಲ್!" ಅಂದಳು.

"ಏಯ್, ಬಿಸಿಲಲ್ಲಿ ಏನೇ ಮಾಡ್ತಿದೀಯ? ನಡಿ ಒಳಗೆ!" ಅಂತ ಪಿ.ಟಿ. ಮೇಷ್ಟ್ರು ಅಟ್ಟಿಕೊಂಡು ಹೋದರು.

ಅತಿಥಿಗಳು 1:10ಕ್ಕೆ ಬಂದು ದೀಪ ಹಚ್ಚಿದರು. ಆಮೇಲೆ ಎಲ್ಲ ಮಕ್ಕಳಿಗೂ ಸರ್ಟಿಫಿಕೇಟು: 'ಶೂನ್ಯ ನೆರಳನ್ನು ಸ್ವತಃ ವೀಕ್ಷಿಸಿರುತ್ತಾರೆ'. ಆ ಹುಡುಗಿಗೆ ಮಾತ್ರ ಕೊಡಲಿಲ್ಲ. 12:23ಕ್ಕೆ ಹಾಜರಿ ಕೂಗಿದಾಗ ಅವಳು ಶಾಮಿಯಾನದಲ್ಲಿ ಇರಲಿಲ್ಲವಂತೆ.