ಸಿಪ್ಪೆ ಸಮೇತ ತೂಕ

ಗೋಣಿಕೊಪ್ಪದ ಕಾಫಿ ವ್ಯಾಪಾರಿಗಳಲ್ಲಿ ಯಾರನ್ನಾದರೂ ಒಬ್ಬರನ್ನು ಕರೆದುಕೊಂಡು ಹೋಗಿ ಅಮೆರಿಕದ ಯಾವುದಾದರೂ ದೊಡ್ಡ ಬ್ಯಾಂಕಿನಲ್ಲಿ ಕೂರಿಸಬೇಕು. ಸಾಫ್ಟ್‌ವೇರ್ ಕೆಲಸವನ್ನು ಗುತ್ತಿಗೆ ಕೊಡುವ ವಿಭಾಗದಲ್ಲಿ. ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ. ಜೊತೆಗೊಂದು ಸಣ್ಣ ತಕ್ಕಡಿ ಇದ್ದರೆ ಸಾಕು.

ನಾವು ರೋಬಸ್ಟಾ ಚೆರ್ರಿ ಚೀಲ ತಂದು ಅವರ ಮುಂದೆ ಇಳಿಸಿದಾಗ ಏನು ಮಾಡುತ್ತಾರೆ? ತೋಟಕ್ಕೆ ಎಷ್ಟು ಆಳು ಬಂದಿದ್ದರು ಅಂತ ಕೇಳುವುದಿಲ್ಲ. ಎಷ್ಟು ಗಂಟೆ ಕುಯ್ದರು ಅಂತಲೂ ಕೇಳುವುದಿಲ್ಲ. ಚೀಲಕ್ಕೆ ಕೈ ಹಾಕಿ ಒಂದಿಷ್ಟು ಚೆರ್ರಿ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗುತ್ತಾರೆ. 50 ಕೆಜಿ ಚೀಲಕ್ಕೆ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವುದೇ ಔಟ್‌ಟರ್ನ್. ನಮ್ಮ ಬಾಯಲ್ಲಿ ಓಟಿ. ಓಟಿ ಇಳಿದರೆ ರೇಟೂ ಇಳಿಯಿತು. ಮಳೆ ಕಥೆ, ಆನೆ ಕಥೆ ಎಲ್ಲ ಹೇಳಿದರೆ 'ಹೌದೌದು, ನಿಮ್ಮ ಕಡೆ ಜಾಸ್ತಿನೇ' ಅಂತ ತಲೆ ಆಡಿಸುತ್ತಾರೆ. ರೇಟು ಮಾತ್ರ ಏರುವುದಿಲ್ಲ.

ಐಟಿ ಹೊರಗುತ್ತಿಗೆಯಲ್ಲಿ ಓಟಿ ನೋಡುವ ಪದ್ಧತಿ ಇಲ್ಲ. ಅಲ್ಲಿ ಸಿಪ್ಪೆ ಸಮೇತ ತೂಕ. ಚೀಲಕ್ಕೂ ಕಾಸು. ಚೀಲ ಹೊತ್ತವನಿಗೂ ಕಾಸು. ಪಕ್ಕದಲ್ಲಿ ನಡೆದುಬಂದು 'ಹೊರುತ್ತಿದ್ದಾನೆ, ಶೇಕಡಾ 60 ಆಯಿತು' ಅಂತ ವರದಿ ಬರೆದವನಿಗೆ ಇನ್ನೂ ಸ್ವಲ್ಪ ಜಾಸ್ತಿ ಕಾಸು.

ಇದಕ್ಕೆ ಟೈಮ್ ಅಂಡ್ ಮೆಟೀರಿಯಲ್ ಅನ್ನುತ್ತಾರೆ. ಇಷ್ಟು ತಲೆ, ತಲೆಗೆ ಇಷ್ಟು ಗಂಟೆ, ಗಂಟೆಗೆ ಇಷ್ಟು ಡಾಲರ್. ಗುಣಿಸಿದರೆ ಬಿಲ್ಲು ರೆಡಿ. ಈ ಲೆಕ್ಕದಲ್ಲಿ ಚುರುಕು ಹುಡುಗನಷ್ಟು ದೊಡ್ಡ ನಷ್ಟ ಇನ್ನೊಂದಿಲ್ಲ. ಎರಡು ದಿನದ ಕೆಲಸ ಎರಡು ಗಂಟೆಯಲ್ಲಿ ಮುಗಿಸಿಬಿಟ್ಟರೆ ಬಿಲ್ಲಿನಲ್ಲಿ ಎರಡೇ ಗಂಟೆ ಬರೆಯಬೇಕು. ಅಂಥವನನ್ನು ಹಾಗೇ ಬಿಡುತ್ತಾರಾ? ಮೀಟಿಂಗುಗಳಿಗೆ ಹಾಕುತ್ತಾರೆ. ಆರು ತಿಂಗಳಲ್ಲಿ ಅವನೂ ಎರಡು ದಿನ ತಗೊಳ್ಳಲು ಕಲಿಯುತ್ತಾನೆ.

ಗಿರಾಕಿಗಳೇನು ದಡ್ಡರಲ್ಲ. ಗಂಟೆ ಲೆಕ್ಕ ಬೇಡ, ಇಡೀ ಕೆಲಸಕ್ಕೆ ಒಂದೇ ರೇಟು ಹೇಳಿ ಅಂದರು. ಅದು ಫಿಕ್ಸ್ಡ್ ಪ್ರೈಸ್. ಕಂಪನಿಗಳು ಹೆದರಲಿಲ್ಲ. ಕಮ್ಮಿ ರೇಟು ಹಾಕಿ ಕೆಲಸ ಹಿಡಿದವು. ಕೆಲಸ ಅರ್ಧಕ್ಕೆ ಬಂದಾಗ ಗಿರಾಕಿ 'ಇಲ್ಲೊಂದು ಬಟನ್ ಇರಬೇಕಿತ್ತಲ್ಲ' ಅನ್ನುತ್ತಾನೆ. ಒಪ್ಪಂದ ತೆಗೆದು ನೋಡಿದರೆ ಬಟನ್ ಇಲ್ಲ. ಹಾಗಾದರೆ ಅದೊಂದು ಚೇಂಜ್ ರಿಕ್ವೆಸ್ಟ್, ಬೇರೆ ದುಡ್ಡು. ಬಟನ್ ಒತ್ತಿದಾಗ ಏನಾದರೂ ಆಗಬೇಕು ಅಂತಿದ್ದರೆ ಅದು ಇನ್ನೊಂದು ಚೇಂಜ್ ರಿಕ್ವೆಸ್ಟ್.

ಉತ್ಪ್ರೇಕ್ಷೆ ಅನ್ನಿಸಿತಾ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕಥೆ ಕೇಳಿ. ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ನೌಕರರಿಗೆ ಸಂಬಳ ಲೆಕ್ಕ ಹಾಕುವ ವ್ಯವಸ್ಥೆಯನ್ನು ಹೊರಗಿನ ಕಂಪನಿಗೆ ಕೊಟ್ಟರು. ಶುರುವಿನಲ್ಲಿ ಹೇಳಿದ ರೇಟು ಸುಮಾರು 60 ಲಕ್ಷ ಆಸ್ಟ್ರೇಲಿಯನ್ ಡಾಲರ್. 2010ರಲ್ಲಿ ವ್ಯವಸ್ಥೆ ಚಾಲೂ ಆಯಿತು. ಸಾವಿರಾರು ನರ್ಸುಗಳಿಗೆ ಕೆಲವರಿಗೆ ಕಮ್ಮಿ, ಕೆಲವರಿಗೆ ಜಾಸ್ತಿ, ಕೆಲವರಿಗೆ ಸಂಬಳವೇ ಇಲ್ಲ. 2013ರಲ್ಲಿ ವಿಚಾರಣಾ ಆಯೋಗ ಕೂತು ವರದಿ ಕೊಡುವ ಹೊತ್ತಿಗೆ, ಅದನ್ನು ಸರಿಮಾಡಿ ನಡೆಸಿಕೊಂಡು ಹೋಗುವ ಒಟ್ಟು ಖರ್ಚಿನ ಅಂದಾಜು 120 ಕೋಟಿ ಡಾಲರ್ ದಾಟಿತ್ತು. ಸರ್ಕಾರ ಸಿಟ್ಟಾಗಿ ಕೋರ್ಟಿಗೆ ಹೋಯಿತು. ಅಲ್ಲಿ ಗೆದ್ದದ್ದು ಕಂಪನಿ. ಯಾಕೆಂದರೆ ನಡುವೆ ಆದ ಒಂದು ರಾಜಿಯಲ್ಲಿ, ಹಳೆಯದಕ್ಕೆಲ್ಲ ಪರಿಹಾರ ಕೇಳುವುದಿಲ್ಲ ಅಂತ ಸರ್ಕಾರವೇ ಸಹಿ ಹಾಕಿಕೊಟ್ಟಿತ್ತು. ಕಂಪನಿಯ ವಕೀಲರ ಖರ್ಚೂ ಸರ್ಕಾರದ ತಲೆಗೇ ಬಂತು. ವೆಂಡರ್ ಜೊತೆ ಸಂಬಂಧ ಚೆನ್ನಾಗಿಟ್ಟುಕೊಳ್ಳಬೇಕು ಅನ್ನುವುದನ್ನು ಇಷ್ಟು ಚೆನ್ನಾಗಿ ಪಾಲಿಸಿದವರು ಬೇರೆ ಯಾರೂ ಇರಲಿಕ್ಕಿಲ್ಲ.

ನಮ್ಮ ಕಡೆ ತೋಟಗಳಿಗೆ ಹುಣಸೂರು, ಪಿರಿಯಾಪಟ್ಟಣದಿಂದ ಪಿಕಪ್ಪಿನಲ್ಲಿ ಆಳು ತರುವ ಮೇಸ್ತ್ರಿಗಳಿದ್ದಾರೆ. ಅವರದ್ದೂ ತಲೆಗೆ ಇಷ್ಟು ಕಮಿಷನ್ ಅನ್ನುವ ಲೆಕ್ಕವೇ. ಕಣದಲ್ಲಿ ಕಾಫಿ ಹರಡಿಸುತ್ತಾ ನಮ್ಮ ಮೇಸ್ತ್ರಿಗೆ ಈ ಐಟಿ ವ್ಯವಹಾರವನ್ನೆಲ್ಲ ಹೇಳಿದೆ. ಒಬ್ಬ ವೃತ್ತಿಬಾಂಧವನ ಅಭಿಪ್ರಾಯ ಇರಲಿ ಅಂತ.

"ಮಾತುಕತೆಗೆ ಬರುವಾಗ 15 ವರ್ಷ ಅನುಭವದವರನ್ನ ಕರ್ಕೊಂಡು ಬರ್ತಾರೆ ಮೇಸ್ತ್ರಿ. ಸಹಿ ಆದ ಮೇಲೆ ಕೆಲಸಕ್ಕೆ ಬರೋದು ಮೊನ್ನೆ ಕಾಲೇಜು ಮುಗಿಸಿದ ಮಕ್ಕಳು. ಹತ್ತು ಹೊಸಬರಿಗೆ ಒಬ್ಬ ಹಳಬ. ಇದಕ್ಕೆ ಪಿರಮಿಡ್ ಅಂತಾರೆ. ಲಾಭ ಇರೋದೇ ಅದರಲ್ಲಿ."

"ಹೊಸಬರು ಕೊಂಬೆ ಮುರಿದ್ರೆ ಸಾರ್?"

"ಮುರಿದ ಕೊಂಬೆ ಕಟ್ಟೋಕೆ ಬೇರೆ ಟೀಮ್ ಇದೆ. ಅದಕ್ಕೆ ಬೇರೆ ಬಿಲ್ಲು."

ಮೇಸ್ತ್ರಿ ಕುಂಟೆ ನಿಲ್ಲಿಸಿದರು.

"ಮತ್ತೆ ಕೆಲಸ ಇಲ್ಲದಾಗ ಆಳುಗಳನ್ನ ಸುಮ್ನೆ ಕೂರಿಸಿ ಸಂಬಳ ಕೊಡ್ತಾರೆ. ಬೆಂಚ್ ಅಂತ. ನಾಳೆ ಬೆಳಿಗ್ಗೆ 20 ಜನ ಬೇಕು ಅಂತ ಫೋನ್ ಬಂದ್ರೆ ತಕ್ಷಣ ಕಳಿಸೋಕೆ."

"ಕೂತವರ ಸಂಬಳ ಯಾರು ಕೊಡೋದು?"

"ನಿಂತವರ ರೇಟಲ್ಲಿ ಸೇರಿಸಿರ್ತಾರೆ."

"ಕುಯ್ಲಲ್ಲಿ ನಾವು ಕೆಜಿ ಲೆಕ್ಕ ಮಾಡ್ತೀವಲ್ಲ ಸಾರ್, ಎಷ್ಟು ಕುಯ್ದ್ರೆ ಅಷ್ಟು ಕಾಸು ಅಂತ. ಅವರಿಗೆ ಅದು ಗೊತ್ತಿಲ್ವಾ?"

ಗೊತ್ತು. ಔಟ್‌ಕಮ್ ಬೇಸ್ಡ್ ಅಂತ ಅದಕ್ಕೆ ಒಂದು ಹೆಸರೂ ಇದೆ. ಭಾಷಣದಲ್ಲಿ ಜಾಸ್ತಿ, ಒಪ್ಪಂದದಲ್ಲಿ ಕಮ್ಮಿ. ಮತ್ತೆ ಅದೂ ಅಂಥ ಸುಲಭವಲ್ಲ ಬಿಡಿ. ಕೆಜಿ ಲೆಕ್ಕ ಅಂದ ಕೂಡಲೇ ಹಸಿರು ಕಾಯಿ, ಎಲೆ, ಕಡ್ಡಿ ಎಲ್ಲ ಚೀಲಕ್ಕೆ ಬೀಳುವುದು ನಮಗೆ ಗೊತ್ತಿಲ್ಲದ್ದಾ? ಗಿರಾಕಿ ದಾಖಲಿಸುವ ಒಂದೊಂದು ದೂರಿಗೂ ಅಲ್ಲಿ ಟಿಕೆಟ್ ಅಂತ ಹೆಸರು. ಸರಿಮಾಡಿದ ಟಿಕೆಟ್ ಒಂದಕ್ಕೆ ಇಷ್ಟು ದುಡ್ಡು ಅಂತ ಗೊತ್ತುಮಾಡಿದ ಕಡೆ, ಒಂದೇ ತೊಂದರೆ ಮೂರು ಟಿಕೆಟ್ ಆಗಿ ಹುಟ್ಟುತ್ತದೆ. ತೊಂದರೆಯನ್ನು ಬುಡದಿಂದ ಕಿತ್ತುಹಾಕಿದರೆ ಮುಂದಿನ ತಿಂಗಳ ಆದಾಯವೇ ಹೋಯಿತಲ್ಲ!

ಕೊನೆಗೆ ಮೇಸ್ತ್ರಿ ಕೇಳಿದ್ದು ಒಂದೇ ಮಾತು. "ಆ ಕಂಪನಿಗೆ ಮೇಸ್ತ್ರಿ ಬೇಕಾ ಸಾರ್?"

ಈ ಟಿಕೆಟ್ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನನ್ನ ತಮ್ಮನ ಮಗ ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಊರಿಗೆ ಬಂದವನು, ವಾರದಲ್ಲಿ ಹೆಚ್ಚು ದಿನ ಸೋಮವಾರಪೇಟೆ ಹತ್ತಿರದ ಮನೆಯ ಅಟ್ಟದ ಮೇಲೆ ಕೂತೇ ಕೆಲಸ ಮಾಡುತ್ತಾನೆ. ಅಟ್ಟ ಯಾಕೆಂದರೆ ಸಿಗ್ನಲ್ ಸಿಗುವುದು ಅಲ್ಲೇ. ಆಷಾಢದ ಮಳೆ, ಕರೆಂಟ್ ಹೋಗಿದೆ, ಯುಪಿಎಸ್ ಕೀ ಕೀ ಅನ್ನುತ್ತಿದೆ. ರಾತ್ರಿ ಎರಡು ಗಂಟೆಗೆ ಫೋನು. ಸಮುದ್ರದಾಚೆ ಯಾವುದೋ ಬ್ಯಾಂಕಿನಲ್ಲಿ ದುಡ್ಡು ಕಳಿಸುವ ವ್ಯವಸ್ಥೆ ನಿಂತಿದೆ. ಪಿ-ಒನ್ ಟಿಕೆಟ್! ಅಂದರೆ ಇದಕ್ಕಿಂತ ದೊಡ್ಡ ಗಂಡಾಂತರ ಇಲ್ಲ ಅಂತ ಅರ್ಥ.

ಎಲ್ಲರೂ ಒಂದೇ ಲೈನಿಗೆ ಬರುವ ಬ್ರಿಡ್ಜ್ ಕಾಲ್ ಶುರುವಾಗುತ್ತದೆ. ಬ್ಯಾಂಕಿನವರು ಇಬ್ಬರು. ಸಾಫ್ಟ್‌ವೇರ್ ಬರೆದ ಕಂಪನಿ. ಅದನ್ನು ನೋಡಿಕೊಳ್ಳುವ ಬೇರೆ ಕಂಪನಿ. ಸರ್ವರ್ ಕಂಪನಿ, ನೆಟ್‌ವರ್ಕ್ ಕಂಪನಿ, ಡೇಟಾಬೇಸ್ ಕಂಪನಿ. ಇಷ್ಟು ಕಂಪನಿಗಳನ್ನು ಹೊಂದಿಸಿಕೊಂಡು ಹೋಗಲೆಂದೇ ನೇಮಿಸಿದ ಇನ್ನೊಂದು ಕಂಪನಿ. ಹಾಜರಿ ತೆಗೆದುಕೊಳ್ಳುವುದಕ್ಕೇ ಹತ್ತು ನಿಮಿಷ. ಆಮೇಲೆ ಒಬ್ಬೊಬ್ಬರೂ ಸರದಿಯಲ್ಲಿ 'ನಮ್ಮ ಕಡೆ ಎಲ್ಲ ಸರಿಯಿದೆ' ಅನ್ನುತ್ತಾರೆ. ಸುಳ್ಳೇನಲ್ಲ. ಅವರವರ ಪರದೆಯಲ್ಲಿ ಎಲ್ಲ ಹಸಿರೇ. ದುಡ್ಡು ಮಾತ್ರ ಹೋಗುತ್ತಿಲ್ಲ.

ಹುಡುಗ ಆ ಗಲಾಟೆಯಲ್ಲೇ ಹುಡುಕಿ ಹುಡುಕಿ ಕಂಡುಹಿಡಿದ. ಎರಡು ಕಂಪ್ಯೂಟರ್‌ಗಳು ಒಂದನ್ನೊಂದು ನಂಬಲು ಬೇಕಾದ ಡಿಜಿಟಲ್ ಸರ್ಟಿಫಿಕೇಟ್‌ನ ಅವಧಿ ಮುಗಿದಿತ್ತು. ಅಷ್ಟೇ. ಹೊಸದು ಹಾಕಿದರೆ ಆಯಿತು. ಆದರೆ ಹಾಕಬೇಕಾದವರು ಯಾರು? ಒಪ್ಪಂದಗಳನ್ನು ತೆರೆದರು. ಕೊಂಡುಕೊಡುವುದು ಒಂದು ಕಂಪನಿ. ಕೂರಿಸುವುದು ಇನ್ನೊಂದು ಕಂಪನಿ. ಕೂರಿಸಲು ಅನುಮತಿ ಕೊಡುವುದು ಬ್ಯಾಂಕು. ಅವಧಿ ಮುಗಿಯುವ ದಿನವನ್ನು ನೆನಪಿಟ್ಟುಕೊಳ್ಳುವುದು ಯಾರು ಅನ್ನುವುದು ಮಾತ್ರ ಯಾವ ಒಪ್ಪಂದದಲ್ಲೂ ಇರಲಿಲ್ಲ. ನೆನಪಿಗೆ ರೇಟು ಹಾಕಿರಲಿಲ್ಲವಲ್ಲ.

"ಅಷ್ಟು ಹೊತ್ತು ಬ್ಯಾಂಕ್ ನಿಂತಿತ್ತಲ್ಲ, ನಿಮಗೆ ದಂಡ ಹಾಕಲ್ವೇನೋ?" ಅಂತ ಬೆಳಿಗ್ಗೆ ಕೇಳಿದೆ.

"ಇಲ್ಲ ದೊಡ್ಡಪ್ಪ. ಎಸ್‌ಎಲ್‌ಎ, ಅಂದ್ರೆ ಸೇವೆಯ ಒಪ್ಪಂದದ ಪ್ರಕಾರ ನಾವು 15 ನಿಮಿಷದಲ್ಲಿ ಉತ್ತರ ಕೊಡಬೇಕು. ಐದೇ ನಿಮಿಷದಲ್ಲಿ ಕೊಟ್ವಿ."

"ಏನಂತ?"

"ನಿಮ್ಮ ದೂರು ನಮಗೆ ಬಂದಿದೆ ಅಂತ."

ಸರಿಮಾಡುವುದಕ್ಕೂ ಗಡುವು ಇರುತ್ತದೆ, ಇಲ್ಲ ಅನ್ನುವಂತಿಲ್ಲ. ಆದರೆ ಆ ಗಡಿಯಾರವನ್ನು ನಿಲ್ಲಿಸಬಹುದು. ಗಿರಾಕಿಗೆ ಒಂದು ಪ್ರಶ್ನೆ ಕೇಳಿ ಟಿಕೆಟ್ ಮೇಲೆ 'ಗಿರಾಕಿಯ ಉತ್ತರಕ್ಕೆ ಕಾಯುತ್ತಿದ್ದೇವೆ' ಅಂತ ಒತ್ತಿದರೆ ಮುಗಿಯಿತು, ಗಡಿಯಾರ ನಿಂತಿತು. 'ತೊಂದರೆಯ ಚಿತ್ರವೊಂದನ್ನು ಕಳಿಸಿಕೊಡಿ' ಅಂತ ಕೇಳುವುದು ಇದಕ್ಕೇ. ಶುಕ್ರವಾರ ಸಂಜೆ ಈ ಚಿತ್ರಗಳಿಗೆ ಬೇಡಿಕೆ ಜಾಸ್ತಿ. ತಿಂಗಳ ಕೊನೆಗೆ ವರದಿಯಲ್ಲಿ ನೂರಕ್ಕೆ 99 ಅಂಕ. ಬಳಸುವವರು ಮಾತ್ರ ತಲೆ ಚಚ್ಚಿಕೊಳ್ಳುತ್ತಿರುತ್ತಾರೆ. ಇಂಥ ವರದಿಗೆ ಆ ಧಂದೆಯವರೇ ಕಲ್ಲಂಗಡಿ ಅಂತ ಹೆಸರಿಟ್ಟಿದ್ದಾರೆ. ಹೊರಗೆ ಹಸಿರು, ಕೊಯ್ದರೆ ಕೆಂಪು. ತಮ್ಮನ್ನು ತಾವೇ ನೋಡಿ ನಗುವಷ್ಟು ಒಳ್ಳೆ ಜನ ಅವರು.

ಹಾಗಂತ ಕಂಪನಿಗಳನ್ನು ಮಾತ್ರ ಬೈದರೆ ಅನ್ಯಾಯ. ಗಿರಾಕಿಗಳು ಇನ್ನೂ ಘಾಟಿಗಳು. ವೆಂಡರ್ ಅಂದರೆ ಮರ್ಯಾದೆ ಕಮ್ಮಿ ಆಗುತ್ತದೆ ಅಂತ ಈಗ 'ಪಾರ್ಟ್ನರ್' ಅನ್ನುತ್ತಾರೆ. ವೇದಿಕೆ ಮೇಲೆ ಕರೆದು ಕೈ ಕುಲುಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಬಿಲ್ಲು ಕಳಿಸಿದರೆ ದುಡ್ಡು ಬರುವುದು 90 ದಿನದ ಮೇಲೆ. ಒಪ್ಪಂದ ನವೀಕರಿಸುವಾಗ 'ಇಷ್ಟು ವರ್ಷದ ಸಂಬಂಧ, ರೇಟಲ್ಲಿ ಸ್ವಲ್ಪ ಇಳಿಸಿ' ಅನ್ನುತ್ತಾರೆ. ಸಂಬಂಧ ಹಳೆಯದಾದಷ್ಟೂ ಇಳಿಸಬೇಕಾದ್ದು ಜಾಸ್ತಿ. ಇಳಿದ ರೇಟಿಗೆ ಅದೇ ಹಳಬರನ್ನು ಇಟ್ಟುಕೊಳ್ಳಲು ಕಂಪನಿಗೆ ಆಗುವುದಿಲ್ಲ, ಇನ್ನಷ್ಟು ಹೊಸಬರನ್ನು ತುಂಬುತ್ತದೆ. ಆಮೇಲೆ ಗುಣಮಟ್ಟ ಯಾಕೆ ಇಳಿಯಿತು ಅಂತ ಕಂಡುಹಿಡಿಯಲು ಗಿರಾಕಿ ಒಬ್ಬ ಕನ್ಸಲ್ಟೆಂಟನ್ನು ನೇಮಿಸುತ್ತಾನೆ. ಅವನದ್ದು ದಿನದ ಲೆಕ್ಕ.

ಇಷ್ಟಕ್ಕೂ ಇದು ಹೊಸ ಹುಚ್ಚಲ್ಲ. 1989ರಲ್ಲಿ ಕೊಡಕ್ ಕಂಪನಿ ತನ್ನ ಕಂಪ್ಯೂಟರ್ ಕೆಲಸವನ್ನು ಐಬಿಎಂಗೆ ಒಪ್ಪಿಸಿದಾಗ, ಅಷ್ಟು ದೊಡ್ಡ ಕಂಪನಿಯೇ ಹೀಗೆ ಮಾಡಬಹುದಾದರೆ ನಾವ್ಯಾಕೆ ಮಾಡಬಾರದು ಅಂತ ಬೇರೆಯವರೂ ಸಾಲು ನಿಂತರು. ನಮ್ಮ ಕಸುಬು ಬೇರೆ, ಕಂಪ್ಯೂಟರ್ ಕಾಯುವುದಲ್ಲ ಅನ್ನುವುದು ಆಗಿನ ವಾದ. ಕೊಡಕ್‌ನ ಕಸುಬು ಫಿಲಂ. 2012ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಎರಡಕ್ಕೂ ಗಂಟು ಹಾಕುವುದು ತಪ್ಪು, ಅದನ್ನು ಮುಳುಗಿಸಿದ್ದು ಡಿಜಿಟಲ್ ಕ್ಯಾಮೆರಾ. ಆದರೂ ಕಂಪ್ಯೂಟರ್ ನಮ್ಮ ಕಸುಬಲ್ಲ ಅಂದವರನ್ನು ಕಂಪ್ಯೂಟರಿನ ದಾಯಾದಿಯೇ ಮುಳುಗಿಸಿತು ನೋಡಿ.

ಕೊಟ್ಟವರು ವಾಪಸ್ ಕೇಳುವುದೂ ಉಂಟು. ಅಮೆರಿಕದ ಜೆಪಿ ಮಾರ್ಗನ್ ಬ್ಯಾಂಕು 2002ರಲ್ಲಿ ಏಳು ವರ್ಷಕ್ಕೆ 500 ಕೋಟಿ ಡಾಲರ್ ಗುತ್ತಿಗೆಯನ್ನು ಐಬಿಎಂಗೆ ಕೊಟ್ಟಿತು. ಸುಮಾರು 4,000 ನೌಕರರನ್ನೂ ಜೊತೆಗೇ ಕಳಿಸಿತು. 2004ರಲ್ಲಿ ಇನ್ನೊಂದು ಬ್ಯಾಂಕನ್ನು ತನ್ನೊಳಗೆ ಸೇರಿಸಿಕೊಂಡ ಮೇಲೆ, ಈ ಕೆಲಸ ನಾವೇ ಮಾಡುತ್ತೇವೆ ಅಂತ ಗುತ್ತಿಗೆ ರದ್ದು ಮಾಡಿತು. ಆ 4,000 ಜನ ತಿರುಗಿ ಬ್ಯಾಂಕಿಗೆ. ಹೋಗಿ ಬಂದವರ ಕುತ್ತಿಗೆಯ ಬ್ಯಾಡ್ಜ್ ಎರಡು ಸಲ ಬದಲಾಯಿತು.

ಈಗಿನ ಫ್ಯಾಷನ್ ಜಿಸಿಸಿ. ಅಂದರೆ ವಿದೇಶಿ ಗಿರಾಕಿಯೇ ಬೆಂಗಳೂರಿಗೆ ಬಂದು ಸ್ವಂತ ಕಚೇರಿ ತೆರೆಯುವುದು. 2024ರ ಹೊತ್ತಿಗೆ ದೇಶದಲ್ಲಿ ಇಂಥವು 1,700 ದಾಟಿದವು, ಕೆಲಸ ಮಾಡುವವರು 19 ಲಕ್ಷ ಅಂತ ಐಟಿ ಕಂಪನಿಗಳ ಒಕ್ಕೂಟ ನ್ಯಾಸ್ಕಾಂನ ಲೆಕ್ಕ. ಮಧ್ಯದ ಮೇಸ್ತ್ರಿ ಬೇಡ ಅನ್ನುವುದೇ ಇದರ ಉದ್ದೇಶ. ಸರಿ, ಕಚೇರಿ ಕಟ್ಟಿಸಿ, ಜನ ಸೇರಿಸಿ ಕೊಡುವವರು ಯಾರು? ಹಳೆಯ ವೆಂಡರ್ ಕಂಪನಿಗಳೇ ಆ ಸೇವೆಯನ್ನೂ ಮಾರುತ್ತಿವೆ. ನೀವು ನಮ್ಮನ್ನು ಬಿಡಬೇಕು ಅಂತಿದ್ದರೆ ಅದಕ್ಕೂ ನಮ್ಮಲ್ಲಿ ಒಂದು ಪ್ಯಾಕೇಜ್ ಇದೆ ಅಂತ.

ಇದರ ಮೇಲೆ ಎಐ ಬಂದು ಕೂತಿದೆ. ಹತ್ತು ಜನರ ಕೆಲಸ ನಾಲ್ಕು ಜನ ಮಾಡುತ್ತಾರೆ ಅಂತ ಕಂಪನಿ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಹಾಗಾದರೆ ನಾಲ್ಕು ಜನರ ಬಿಲ್ಲು ಕಳಿಸಿ ಅನ್ನುತ್ತಾನೆ ಗಿರಾಕಿ. ಕಂಪನಿ ತಕ್ಷಣ ಮಾತು ಬದಲಿಸಿ, ಎಐ ಇನ್ನೂ ಚಿಕ್ಕ ಮಗು, ನೋಡಿಕೊಳ್ಳಲು ಆರು ಜನ ಬೇಕು ಅನ್ನುತ್ತದೆ.

ನಮ್ಮ ಹುಡುಗನ ಕಂಪನಿ ಮೊನ್ನೆ ಆ ಬ್ಯಾಂಕಿನ ಗುತ್ತಿಗೆ ಕಳೆದುಕೊಂಡಿತು. ಕಮ್ಮಿ ರೇಟು ಹಾಕಿದ ಇನ್ನೊಂದು ಕಂಪನಿಗೆ ಸಿಕ್ಕಿತು. ಗೆದ್ದವರು ಮಾಡಿದ ಮೊದಲ ಕೆಲಸ, ಇವನಿಗೆ ಫೋನ್. ಆ ಬ್ಯಾಂಕಿನ ಕೆಲಸ ಗೊತ್ತಿರುವವರು ತುರ್ತಾಗಿ ಬೇಕಂತೆ, ಸಂಬಳವೂ ಜಾಸ್ತಿಯಂತೆ. ಇವನು ಒಪ್ಪಿಕೊಂಡ. ಆದರೆ ಹಳೆ ಕಂಪನಿಯಲ್ಲಿ ಮೂರು ತಿಂಗಳ ನೋಟಿಸ್ ಪೀರಿಯಡ್ ಇದೆ. ಆ ಮೂರು ತಿಂಗಳಲ್ಲಿ ಇವನು ಹೊಸ ಕಂಪನಿಯವರಿಗೆ ಕೆಲಸ ಕಲಿಸಿಕೊಡಬೇಕು, ಕೆಟಿ ಅಂತ. ಹೊಸ ಕಂಪನಿಯ ಪಟ್ಟಿಯಲ್ಲಿ ಕಲಿಯಬೇಕಾದವನ ಜಾಗದಲ್ಲಿ ಇವನ ಹೆಸರೇ ಇದೆ. ಅಟ್ಟದ ಮೇಲೆ ಕೂತು ದಿನಕ್ಕೆ ಎರಡು ಗಂಟೆ ತನಗೆ ತಾನೇ ಕಲಿಸಿಕೊಳ್ಳುತ್ತಿದ್ದಾನೆ. ಕಲಿಸಿದ್ದಕ್ಕೆ ಹಳೆ ಕಂಪನಿ, ಕಲಿತದ್ದಕ್ಕೆ ಹೊಸ ಕಂಪನಿ, ಎರಡೂ ಬ್ಯಾಂಕಿಗೆ ಬಿಲ್ಲು ಕಳಿಸಿವೆ.

"ಮತ್ತೆ ಹೇಗೆ ನಡೀತಿದೆಯೋ ಕಲಿಕೆ?" ಅಂದೆ.

"ಸ್ವಲ್ಪ ನಿಧಾನ ದೊಡ್ಡಪ್ಪ. ಇನ್ನೊಂದು ತಿಂಗಳು ಎಕ್ಸ್‌ಟೆನ್ಶನ್ ಕೇಳಿದ್ದಾರೆ."