ಗಾಯಗಳಿಗೆ ಶರಣಾದವಳು

ಕಾರಣ ಯಾವಾಗಲೂ ಕ್ಷುಲ್ಲಕ. ಇಂಗ್ಲಿಷ್ ಪೇಪರಿನಲ್ಲಿ ‘ಓವರ್ ಎ ಟ್ರಿವಿಯಲ್ ಇಶ್ಯೂ’, ಕನ್ನಡ ಪೇಪರಿನಲ್ಲಿ ‘ಕ್ಷುಲ್ಲಕ ಕಾರಣಕ್ಕೆ’. ಬೀಡಿಗೆ ಬೆಂಕಿ ಕೊಡಲಿಲ್ಲ, ಬೈಕು ತಾಗಿಸಿದ, ಗುರಾಯಿಸಿದ, ಸಾರು ಸಪ್ಪೆಯಾಗಿತ್ತು. ಸರಿ, ಇವೆಲ್ಲ ಕ್ಷುಲ್ಲಕವೇ. ಹಾಗಾದರೆ ಒಬ್ಬರ ಕುತ್ತಿಗೆ ಕಡಿಯಲು ತಕ್ಕ ತೂಕದ ಕಾರಣಗಳು ಯಾವುವು ಅಂತ ವರದಿಗಾರರು ಒಮ್ಮೆ ಪಟ್ಟಿ ಮಾಡಿ ಕೊಟ್ಟುಬಿಟ್ಟರೆ ಜನಕ್ಕೂ ಅನುಕೂಲ. ಮಚ್ಚು ಎತ್ತುವ ಮುಂಚೆ ಒಂದು ಸಲ ನೋಡಿಕೊಳ್ಳಬಹುದು.

ಈ ವಾರದ ಸುದ್ದಿ ನೀವೂ ಓದಿದ್ದೀರಿ. ಕಳೆದ ವಾರದ್ದೂ ಅದೇ ಆಗಿತ್ತು, ಊರಿನ ಹೆಸರು ಬೇರೆ, ಅಷ್ಟೆ. ‘ಅನ್‌ಐಡೆಂಟಿಫೈಡ್ ಮಿಸ್‌ಕ್ರಿಯಂಟ್ಸ್’ ಬಂದರು. ಆಕೆ ‘ಗ್ರೀವಿಯಸ್ ಇಂಜುರೀಸ್ ಸಸ್ಟೇನ್’ ಮಾಡಿಕೊಂಡಳು. ಆಸ್ಪತ್ರೆಯಲ್ಲಿ ಆ ಇಂಜುರಿಗಳಿಗೆ ‘ಸಕ್ಕಂಬ್’ ಆದಳು. ಪೊಲೀಸರು ‘ಫೌಲ್ ಪ್ಲೇ’ ಶಂಕಿಸಿದ್ದಾರೆ. ಓದಿದಿರಿ, ಇನ್ನೊಂದು ಚಮಚ ಚಟ್ನಿ ಹಾಕಿಕೊಂಡಿರಿ. ತಪ್ಪು ನಿಮ್ಮದಲ್ಲ. ದೋಸೆ ಗಂಟಲಲ್ಲಿ ಸಿಕ್ಕಿಕೊಳ್ಳಬಾರದು ಅಂತಲೇ ಈ ಭಾಷೆಯನ್ನು ಇಷ್ಟು ನುಣ್ಣಗೆ ರುಬ್ಬಿರುವುದು.

‘ಸಕ್ಕಂಬ್’ ಅಂದರೆ ಶರಣಾಗುವುದು. ಹದಿನಾರು ಏಟು ಬಿದ್ದವಳು ಗಾಯಗಳಿಗೆ ಶರಣಾದಳಂತೆ. ಇನ್ನೂ ಸ್ವಲ್ಪ ಗಟ್ಟಿಯಾಗಿ ನಿಂತಿದ್ದರೆ ಗಾಯಗಳೇ ಸೋತು ಹೋಗುತ್ತಿದ್ದವೋ ಏನೋ. ಕನ್ನಡದವರು ಏನೂ ಕಡಿಮೆಯಿಲ್ಲ. ನಮ್ಮಲ್ಲಿ ಆಕೆ ‘ಚಿಕಿತ್ಸೆ ಫಲಕಾರಿಯಾಗದೆ’ ಸಾಯುತ್ತಾಳೆ. ಇಂಗ್ಲಿಷಿನಲ್ಲಿ ಕೊಂದದ್ದು ಗಾಯ, ಕನ್ನಡದಲ್ಲಿ ಕೊಂದದ್ದು ಡಾಕ್ಟರು. ಕಡಿದವನು ಎರಡೂ ಭಾಷೆಯಲ್ಲಿ ಪಾರು.

ಇನ್ನು ಆ ‘ಗ್ರೀವಿಯಸ್’, ಅಂದರೆ ತೀವ್ರ. ಅದು ವರದಿಗಾರ ಮರುಗಿ ಹಚ್ಚಿದ ವಿಶೇಷಣ ಅಂದುಕೊಂಡರೆ ತಪ್ಪು. ಅದು ಕಾನೂನಿನ ಎಂಟು ಐಟಂಗಳ ಪಟ್ಟಿ, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 116ನೇ ಕಲಂ. ಕಣ್ಣು ಹೋದರೂ ಗ್ರೀವಿಯಸ್, ಹಲ್ಲು ಮುರಿದರೂ ಗ್ರೀವಿಯಸ್. ಹಳೆಯ ದಂಡ ಸಂಹಿತೆಯಲ್ಲಿ 20 ದಿನ ತೀವ್ರವಾಗಿ ನರಳಿದರೆ ಗ್ರೀವಿಯಸ್ ಆಗುತ್ತಿತ್ತು, ಹೊಸದರಲ್ಲಿ 15 ದಿನ ಸಾಕು. ನರಳುವವರಿಗೆ ಐದು ದಿನದ ರಿಯಾಯಿತಿ. ಪೇಪರಿನವರು ಈ ಪಟ್ಟಿ ನೋಡದೆ ಪದ ಮಾತ್ರ ಎತ್ತಿಕೊಂಡು ಬಂದಿದ್ದಾರೆ.

ಆಯುಧದ ವಿಚಾರಕ್ಕೆ ಬರೋಣ, ಇದು ಸ್ವಲ್ಪ ಸ್ವಾರಸ್ಯದ್ದು. ನಮ್ಮ ಊರುಗಳಲ್ಲಿ ಎಳನೀರು ಕೆತ್ತುವುದು ಮಚ್ಚು: ತೂಕದ್ದು, ಗಿಡ್ಡ ಹಿಡಿ, ಏಟು ಹಾಕಿದರೆ ಕಡಿಯುವಂಥದ್ದು. ರಾಗಿ ಕೊಯ್ಯುವುದು ಕುಡುಗೋಲು: ತೆಳ್ಳಗೆ, ಬಾಗಿದ್ದು, ಹಲ್ಲುಹಲ್ಲು, ಎಳೆದರೆ ಕೊಯ್ಯುವಂಥದ್ದು. ಬೆಂಗಳೂರಿನ ರೌಡಿ ಶೀಟರುಗಳು ಅಂಗಿಯ ಬೆನ್ನಿಗೆ ಸಿಕ್ಕಿಸುವುದು ಲಾಂಗು. ಇಂಗ್ಲಿಷ್ ವರದಿಗೆ ಬಂದಾಗ ಮೂರೂ ಒಮ್ಮೊಮ್ಮೆ ‘ಸಿಕಲ್’. ದೆಹಲಿಯಲ್ಲಿ ಕೂತು ಓದುವವರಿಗೆ ಸುತ್ತಿಗೆಯ ಜೊತೆ ಕೆಂಬಾವುಟದ ಮೇಲಿರುವ ಕತ್ತಿ ಕಣ್ಣಿಗೆ ಕಟ್ಟುತ್ತದೆ. ಯಾರೋ ರೈತ ಕಾರ್ಮಿಕರು ಕ್ರಾಂತಿಗೆ ಹೊರಟಂತಿದೆ ಅಂದುಕೊಳ್ಳುತ್ತಾರೆ, ಪಾಪ. ಕನ್ನಡದಲ್ಲಿ ಇದಕ್ಕೆ ಬೇರೆಯದೇ ಮರ್ಯಾದೆ: ‘ಮಾರಕಾಸ್ತ್ರ’. ಕೈಯಲ್ಲಿ ಹಿಡಿಯುವುದು ಶಸ್ತ್ರ, ಮಂತ್ರ ಹೇಳಿ ಎಸೆಯುವುದು ಅಸ್ತ್ರ. ಯಕ್ಷಗಾನ ನೋಡಿದ ಮಕ್ಕಳಿಗೂ ಗೊತ್ತು. ಅರ್ಜುನ ತಪಸ್ಸು ಮಾಡಿ ಪಾಶುಪತ ಸಂಪಾದಿಸಿದ. ನಮ್ಮ ಹುಡುಗರು ಸಂತೆಯಲ್ಲಿ ಚೌಕಾಸಿ ಮಾಡಿ ಸಂಪಾದಿಸುತ್ತಾರೆ. ಇದೆಲ್ಲ ಕಾನೂನಿನಲ್ಲಿರುವ ‘ಡೆಡ್ಲಿ ವೆಪನ್’ ಎಂಬುದರ ಸಂತಾನ. ಮಚ್ಚು ಅಂದರೆ ಮಚ್ಚು ಅಂತ ಬರೆಯಲು ಕೈ ಬರುವುದಿಲ್ಲ. ಹಾಗೆ ಬರೆದರೆ ಅದರ ಅಲಗು ಕಾಣಿಸಿಬಿಡುತ್ತದೆ.

ಈ ಭಾಷೆಯ ತವರುಮನೆ ಪೊಲೀಸ್ ಠಾಣೆ. ಅಲ್ಲಿ ಅದಕ್ಕೊಂದು ಕೆಲಸವಿದೆ, ಅದನ್ನು ಒಪ್ಪಬೇಕು. ಏಟು ತಿಂದವನು ಬಂದು “ಅಡ್ಡ ಹಾಕ್ಕೊಂಡು ಹಿಗ್ಗಾಮುಗ್ಗಾ ಬಡಿದ್ರು ಸಾರ್” ಅನ್ನುತ್ತಾನೆ. ಸ್ಟೇಷನ್ ರೈಟರು ಕಂಪ್ಯೂಟರಿನಲ್ಲಿ ಕುಟ್ಟುತ್ತಾರೆ: ‘ಸದರಿ ಆಸಾಮಿಗಳು ಪಿರ್ಯಾದಿಯನ್ನು ತಡೆದು ನಿಲ್ಲಿಸಿ, ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಮೈಕೈಗೆ ಹೊಡೆದು, ಪ್ರಾಣ ಬೆದರಿಕೆ ಹಾಕಿರುತ್ತಾರೆ.’ ನಗಬೇಡಿ, ಇದು ಎಂಜಿನಿಯರಿಂಗು. ‘ತಡೆದು’ ಅಂದರೆ ನ್ಯಾಯ ಸಂಹಿತೆಯ 126(2). ‘ಬೈದು’ 352. ‘ಹೊಡೆದು’ 115(2). ‘ಬೆದರಿಕೆ’ 351. ಎಲ್ಲರೂ ಕೂಡಿ ಮಾಡಿದ್ದರೆ 3(5). ಒಂದೊಂದು ಕ್ರಿಯಾಪದವೂ ಒಂದೊಂದು ಕಲಂ ಹೊತ್ತುಕೊಂಡಿದೆ. ಒಂದು ಉದುರಿದರೂ ಎದುರು ಪಾರ್ಟಿ ವಕೀಲರಿಗೆ ಹಬ್ಬ. ಗಮನಿಸಿ, ರೈಟರಿನ ವಾಕ್ಯದಲ್ಲಿ ಹೊಡೆದವರು ಶುರುವಿನಲ್ಲೇ ನಿಂತಿದ್ದಾರೆ. ಅವರು ಮಾಯವಾಗುವುದು ಆಮೇಲೆ. ಪ್ರೆಸ್ ನೋಟು ವಾಟ್ಸ್ಆ್ಯಪ್ ಗ್ರೂಪಿಗೆ ಬಂದು, ಇಂಗ್ಲಿಷಿಗೆ ಹೋಗಿ, ಏಜೆನ್ಸಿಯ ಕಾಪಿಯಾಗಿ ಮರಳಿ ಕನ್ನಡ ಡೆಸ್ಕಿಗೆ ಬರುವಷ್ಟರಲ್ಲಿ ಮಂಡ್ಯದ ಕೊಲೆಯೊಂದು ಲಂಡನ್ ನೋಡಿಕೊಂಡು ಬಂದಿರುತ್ತದೆ. ‘ವಾಸ್ ಅಟ್ಯಾಕ್ಡ್’ ಆಗಿ ಹೋದದ್ದು ‘ಹಲ್ಲೆಗೊಳಗಾಗಿದ್ದಾಳೆ’ ಆಗಿ ವಾಪಸು.

‘ಅಲೆಜೆಡ್ಲಿ’, ನಮ್ಮ ‘ಎನ್ನಲಾಗಿದೆ’, ಎಂಬ ಉಪ್ಪಿನ ಡಬ್ಬಿಯೊಂದಿದೆ, ಅದನ್ನಂತೂ ಎಲ್ಲದಕ್ಕೂ ಉದುರಿಸುತ್ತಾರೆ. ಅದು ಬೇಕು, ಇಲ್ಲದಿದ್ದರೆ ಮಾನನಷ್ಟ ಮೊಕದ್ದಮೆ ಬೀಳುತ್ತದೆ. ಆದರೆ ಅದರ ಜಾಗ ಮಾಡಿದವನ ಪಕ್ಕ. ಇವನೇ ಕೊಂದನೋ ಇಲ್ಲವೋ ಅನ್ನುವುದು ಆರೋಪ, ಹೆಣ ಆರೋಪವಲ್ಲ. ಕೈ ಕಟ್ಟಿ ಮೂಟೆಯಲ್ಲಿ ತುಂಬಿ ಕೆರೆಗೆ ಎಸೆದವಳನ್ನು ‘ಕೊಲೆಯಾಗಿದ್ದಾಳೆ ಎನ್ನಲಾಗಿದೆ’ ಅಂತ ಬರೆಯುವಾಗ ಯಾರ ಮಾನ ಕಾಪಾಡುತ್ತಿದ್ದೀರಿ? ಮೂಟೆಯದ್ದೇ?

ಇಷ್ಟೊಂದು ಎಚ್ಚರಿಕೆಯ ಮಂದಿ ಒಂದು ಕಡೆ ಮಾತ್ರ ಧಾರಾಳವಾಗುತ್ತಾರೆ. ‘ಸಸ್ಪೆಕ್ಟಿಂಗ್ ಹರ್ ಫಿಡೆಲಿಟಿ.’ ಕನ್ನಡದ ತಲೆಬರಹ ಇನ್ನೂ ಚುಟುಕು: ‘ಶೀಲ ಶಂಕಿಸಿ ಪತ್ನಿ ಹತ್ಯೆ’. ಇದನ್ನು ಹೇಳಿದವರು ಯಾರು? ಕೊಂದವನು. ಎಲ್ಲಿ? ಲಾಕಪ್ಪಿನಲ್ಲಿ, ಪೊಲೀಸರ ಎದುರು. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ, ಈಗ ಸಾಕ್ಷ್ಯ ಅಧಿನಿಯಮದ 23, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಪುರಾವೆಯಾಗಿ ಇಡಲು ಬಿಡುವುದಿಲ್ಲ. ಕೋರ್ಟು ಬಾಗಿಲಾಚೆ ನಿಲ್ಲಿಸುವ ಮಾತು ಮರುದಿನ ಬೆಳಿಗ್ಗೆ ಮೂರು ಕಾಲಂ ತಲೆಬರಹ. ಸತ್ತವಳು ಸ್ಪಷ್ಟೀಕರಣ ಕಳಿಸುವುದಿಲ್ಲವಲ್ಲ. ಇಲ್ಲಿ ಯಾರಿಗೂ ‘ಅಲೆಜೆಡ್ಲಿ’ ನೆನಪಾಗುವುದಿಲ್ಲ.

ಕೊನೆಗೆ ‘ಔಟ್‌ರೇಜಿಂಗ್ ಮಾಡೆಸ್ಟಿ’, ಅಂದರೆ ಹೆಣ್ಣಿನ ಲಜ್ಜೆಗೆ ಧಕ್ಕೆ ತರುವುದು. ದಂಡ ಸಂಹಿತೆಯ ಕರಡು ಬರೆದ ಮೆಕಾಲೆ ಕಾಲದ ಕಸೂತಿ. 1860ರ ದಂಡ ಸಂಹಿತೆಯಲ್ಲಿ 354 ಆಗಿತ್ತು. ಹೊಸ ಸಂಹಿತೆಯಲ್ಲಿ ನಂಬರು 74 ಆಯಿತು, ಹೆಸರು ಭಾರತೀಯವಾಯಿತು, ಮಾಡೆಸ್ಟಿ ಮಾತ್ರ ಅಲುಗಲಿಲ್ಲ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಕೈಪಿಡಿ ತಂದು ‘ಈವ್ ಟೀಸಿಂಗ್’ ಅನ್ನಬೇಡಿ, ಬೀದಿಯ ಲೈಂಗಿಕ ಕಿರುಕುಳ ಅನ್ನಿ ಎಂದಿತು. ಮರುವರ್ಷ ಜುಲೈ 1ರಿಂದ ಜಾರಿಗೆ ಬಂದ ಕಾನೂನು ಹೆಣ್ಣಿನ ಮಾಡೆಸ್ಟಿಯನ್ನು ಹಾಗೇ ಇಸ್ತ್ರಿ ಮಾಡಿ ಮಡಚಿಟ್ಟಿತು. ಕನ್ನಡದಲ್ಲಿ ‘ಮಾನಭಂಗ’. ಭಂಗವಾದ ಮಾನ ಯಾವಾಗಲೂ ಅವಳದೇ. ಕೈ ಹಾಕಿದವನ ಮಾನಕ್ಕೆ ಗೀಚೂ ಬಿದ್ದಿರುವುದಿಲ್ಲ.

ಈ ಪದ ಏನು ಮಾಡಬಲ್ಲದು ಗೊತ್ತೆ? ಪಂಜಾಬಿನಲ್ಲಿ ಒಬ್ಬ ಏಳೂವರೆ ತಿಂಗಳ ಕೂಸಿನ ಮೇಲೆ ಕೈ ಹಾಕಿದ. ಕೂಸಿಗೆ ಗಾಯವಾಗಿತ್ತು. ಹೈಕೋರ್ಟಿನಲ್ಲಿ ಚರ್ಚೆ ನಡೆದದ್ದು ಏನೆಂದರೆ, ಏಳೂವರೆ ತಿಂಗಳಿಗೆ ಮಾಡೆಸ್ಟಿ ಇರುತ್ತದೆಯೇ, ಅದಕ್ಕೆ ಲಜ್ಜೆಯ ಅರಿವು ಬಂದಿದೆಯೇ. ಬಂದಿಲ್ಲವಾದ್ದರಿಂದ 354 ಬರುವುದಿಲ್ಲ ಎಂದಾಯಿತು. ಸರ್ಕಾರ ಮೇಲ್ಮನವಿ ಹೋಗಿ, 1966ರಲ್ಲಿ ಸುಪ್ರೀಂ ಕೋರ್ಟಿನ ಮೂವರಲ್ಲಿ ಇಬ್ಬರು ಇರುತ್ತದೆ ಎಂದರು. ಮೂರನೆಯವರು ಆಗಲೂ ಒಪ್ಪಲಿಲ್ಲ. ಇದರಲ್ಲಿ ವಿಡಂಬನೆ ಮಾಡಲು ಏನೂ ಉಳಿದಿಲ್ಲ. ತೊಟ್ಟಿಲ ಕೂಸಿನ ಲಜ್ಜೆ ಅಳೆದರು. ಪದ ಹಾಗಿತ್ತು, ಅಳೆದರು. ಆ ಪದವನ್ನೇ ಇವತ್ತಿಗೂ ‘ಗೌರವಯುತ ಭಾಷೆ’ ಅಂತ ನಾವು ಕಾಪಿ ಮಾಡಿಕೊಳ್ಳುತ್ತಿದ್ದೇವೆ. ಸಾಕಾಗಿದೆ.

ಇರಲಿ, ಈ ವಾರದ ಸುದ್ದಿಯ ಕೊನೆಯ ಸಾಲು ನೀವು ಓದದೆ ಬಿಟ್ಟಿರಬಹುದು. ರುಂಡ ಒಂದು ಕಡೆ, ಮುಂಡ ಒಂದು ಕಡೆ ಸಿಕ್ಕಿದೆ ಎಂದು ಹೇಳಿದ ಮೇಲೆ ವರದಿ ಹೀಗೆ ಮುಗಿಯುತ್ತದೆ: ಸಾವಿಗೆ ನಿಖರ ಕಾರಣ ಮರಣೋತ್ತರ ಪರೀಕ್ಷೆಯ ವರದಿ ಬಂದ ನಂತರವಷ್ಟೇ ತಿಳಿದುಬರಬೇಕಿದೆ.