ಮಾತ್ರೆ ನುಂಗುವವರನ್ನೇ ಮೊದಲು ಕೇಳಿ

ಒಂದೇ ಮಾತ್ರೆ ಇಬ್ಬರ ಮೈಯಲ್ಲಿ ಎರಡು ಬಗೆಯಾಗಿ ನಡೆದುಕೊಳ್ಳುತ್ತದೆ. ನನ್ನ ಚಿಕ್ಕಪ್ಪನ ಮಗ ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆಗೆ ಕೊಡುವ ಓಲಾನ್ಜಪಿನ್ ಶುರು ಮಾಡಿದ ಮೇಲೆ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತವು, ನಿದ್ದೆ ಬಂತು. ಆದರೆ ಹಸಿವು ತಡೆಯಲಾಗದೆ ತೂಕ ಏರುತ್ತಲೇ ಹೋಯಿತು. ಇಲ್ಲಿ ಇಂಗ್ಲೆಂಡಿನಲ್ಲಿ ನನ್ನ ಗೆಳತಿಯೊಬ್ಬಳಿಗೆ ಅದೇ ಮಾತ್ರೆ ಒಗ್ಗಿದೆ, ತೂಕ ಹೆಚ್ಚೇನೂ ಏರಿಲ್ಲ. ಅವಳನ್ನು ಹಣ್ಣು ಮಾಡಿದ್ದು ಮೊದಲು ಕೊಟ್ಟಿದ್ದ ಅರಿಪಿಪ್ರಜೋಲ್. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು, ಅಂಥ ಚಡಪಡಿಕೆ. ಇದಕ್ಕೆ ಅಕಥೀಸಿಯಾ ಅನ್ನುತ್ತಾರೆ. ನೋಡುವವರಿಗೆ ಕಾಯಿಲೆಯೇ ಜಾಸ್ತಿಯಾದಂತೆ ಕಾಣುತ್ತದೆ. ಹಾಗೆಂದುಕೊಂಡು ಡೋಸ್ ಏರಿಸಿದರೆ ಚಡಪಡಿಕೆ ಇನ್ನೂ ಕೆರಳಬಹುದು.

ಕಾರಣಗಳಿವೆ. ಲಿವರ್ ಔಷಧಿಯನ್ನು ಒಡೆಯುವ ವೇಗ ಎಲ್ಲರಲ್ಲೂ ಒಂದೇ ಅಲ್ಲ. ಸಿಗರೇಟಿನ ಹೊಗೆ ಓಲಾನ್ಜಪಿನ್, ಅದೇ ಬಗೆಯ ಕ್ಲೋಜಪಿನ್‌ಗಳನ್ನು ಬೇಗ ಕರಗಿಸುತ್ತದೆ. ಸಿಗರೇಟು ಬಿಟ್ಟರೆ ಅದೇ ಡೋಸ್ ಜೋರಾಗಬಹುದು. ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ, ಇಂಥ ಮಾತ್ರೆಗಳನ್ನು ಹೋಲಿಸಿ ನೋಡಿದ ಕೇಟೀ (CATIE) ಅಧ್ಯಯನದಲ್ಲಿ ಶೇ. 74 ಮಂದಿ 18 ತಿಂಗಳೊಳಗೆ ತಮಗೆ ಕೊಟ್ಟ ಮಾತ್ರೆ ನಿಲ್ಲಿಸಿದ್ದರು. ಹೆಚ್ಚು ಜನ ಮುಂದುವರಿಸಿದ್ದು ಓಲಾನ್ಜಪಿನ್. ತೂಕ ಹೆಚ್ಚು ಏರಿಸಿದ್ದೂ ಅದೇ! ಅಂದಮೇಲೆ ಯಾವುದು ಒಳ್ಳೆಯ ಮಾತ್ರೆ ಅಂತ ಪಕ್ಕದಲ್ಲಿ ಕೂತವರು ಹೇಳೋದು ಹೇಗೆ?

ಇಲ್ಲಿ ಇಂಗ್ಲೆಂಡಿನಲ್ಲಿ ಡಾಕ್ಟರು ಮೊದಲು ಮಾತನಾಡಿಸುವುದು ಕಾಯಿಲೆಯವರನ್ನು. ಔಷಧಿಯನ್ನು ಅವರ ಜೊತೆ ಸೇರಿ ಆರಿಸಬೇಕು, ಅವರು ಒಪ್ಪಿದರೆ ಮನೆಯವರ ಮಾತನ್ನೂ ಕೇಳಬೇಕು ಎನ್ನುತ್ತದೆ ಚಿಕಿತ್ಸೆ ಹೇಗಿರಬೇಕೆಂದು ಹೇಳುವ ಇಲ್ಲಿನ ನೈಸ್ (NICE) ಸಂಸ್ಥೆಯ ಮಾರ್ಗಸೂಚಿ. ಭಾರತದಲ್ಲಿ, ನಮ್ಮಲ್ಲಿ, ಎಷ್ಟೋ ಸಲ ಅಣ್ಣನೋ ಅತ್ತೆಯೋ ಉತ್ತರ ಕೊಡುತ್ತಾರೆ. "ಈಗ ಆರಾಮಾಗಿದಾನೆ ಡಾಕ್ಟ್ರೇ, ಗಲಾಟೆ ಇಲ್ಲ." ಗಲಾಟೆ ಇಲ್ಲ ಅಂದರೆ ಆರಾಮ ಅಂತಲ್ಲ. ದಿನವಿಡೀ ಮಂಪರು, ಬಾಯಲ್ಲಿ ಜೊಲ್ಲು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಹೊರಗಿನಿಂದ ಆರಾಮದಂತೆಯೇ ಕಾಣುತ್ತದೆ.

ಇನ್ನು ಕೆಲವನ್ನಂತೂ ಮನೆಯವರ ಎದುರು ಬಾಯಿಬಿಟ್ಟು ಹೇಳಲಾಗುವುದಿಲ್ಲ. ರಿಸ್ಪೆರಿಡೋನ್ ಎಂಬ ಇದೇ ಬಗೆಯ ಮಾತ್ರೆ ಕೆಲವರಲ್ಲಿ ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸುತ್ತದೆ. ಮುಟ್ಟು ನಿಲ್ಲಬಹುದು, ಮಗುವಿಲ್ಲದೆಯೂ ಎದೆಹಾಲು ಬರಬಹುದು, ಗಂಡಸರಿಗೆ ಲೈಂಗಿಕ ತೊಂದರೆ ಆಗಬಹುದು. ಮಾವನ ಎದುರು ಸೊಸೆ ಇದನ್ನು ಹೇಳುತ್ತಾಳಾ? ಹೇಳುವುದಿಲ್ಲ. ಸುಮ್ನೆ ಮಾತ್ರೆ ಬಿಟ್ಟುಬಿಡುತ್ತಾಳೆ. ಕಾಯಿಲೆ ಮರುಕಳಿಸಿದಾಗ ಎಲ್ಲರೂ ಅವಳನ್ನೇ ಬೈಯುತ್ತಾರೆ. ಯಾಕೆ ಬಿಟ್ಟೆ ಅಂತ ಯಾರೂ ಕೇಳುವುದಿಲ್ಲ. ನನಗೆ ತುಂಬಾ ನೋವು ಕೊಡುವುದು ಇದೇ.

ಹಾಗಂತ ಇಂಗ್ಲೆಂಡಿನ ರೀತಿಯೇ ಮೇಲು ಅನ್ನಲಾರೆ. ಒಬ್ಬರೇ ಇರುವವರು ಮಾತ್ರೆ ಬಿಟ್ಟರೂ ಇಲ್ಲಿ ವಾರಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ನಮ್ಮ ಮನೆಗಳಲ್ಲಿ ನಿದ್ದೆ ಕೆಟ್ಟ ಎರಡನೇ ರಾತ್ರಿಯೇ ಅಮ್ಮನಿಗೆ ಗೊತ್ತಾಗುತ್ತದೆ. ಆ ಕಾಳಜಿ ಬೇಕು. ಉತ್ತರ ಹೇಳುವ ಹಕ್ಕು ಮಾತ್ರ ಮಾತ್ರೆ ನುಂಗುವವರದ್ದಾಗಿರಬೇಕು. ನಮ್ಮ ಕಾನೂನೂ ಇವರ ಪರವಾಗಿದೆ. ಕೊಡುವ ಚಿಕಿತ್ಸೆ ಏನು, ಅದರ ಅಡ್ಡ ಪರಿಣಾಮಗಳೇನು ಅಂತ ತಿಳಿಯುವ ಭಾಷೆಯಲ್ಲಿ ಕೇಳಿ ತಿಳಿದುಕೊಳ್ಳುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿದೆ.

ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಮನೆಯವರು ಸ್ವಲ್ಪ ಹೊತ್ತು ಹೊರಗೆ ಕೂರಲಿ. ತೊಂದರೆ ಏನೆಂದು ಗೊತ್ತಾದರೆ ಡಾಕ್ಟರು ಡೋಸ್ ಇಳಿಸಬಹುದು, ಮಾತ್ರೆಯನ್ನು ರಾತ್ರಿಗೆ ಬದಲಿಸಬಹುದು, ಬೇರೆಯದಕ್ಕೆ ನಿಧಾನವಾಗಿ ದಾಟಿಸಬಹುದು. ಅಲ್ಲಿಯವರೆಗೆ ಇದ್ದಕ್ಕಿದ್ದಂತೆ ಬಿಡಬೇಡಿ, ಮುಂದಿನ ಅಪಾಯಿಂಟ್‌ಮೆಂಟ್ ದೂರ ಇದ್ದರೆ ಫೋನ್ ಮಾಡಿಯಾದರೂ ಹೇಳಿ.